ವಯಸ್ಸಾಯ್ತಂತೆ

ನಿಧಾನಪ್ಪನ ಬಾಯಿಂದ ಒಂದು ವಾಕ್ಯ ಪೂರ್ತಿಯಾಗಿ ಹೊರಗೆ ಬಂದದ್ದನ್ನು ಕಂಡವರಿಲ್ಲ. ಅರ್ಧ ಬರುತ್ತದೆ, ಇನ್ನರ್ಧ ಒಳಗೇ ಉಳಿಯುತ್ತದೆ. ಅದರಲ್ಲೂ ಯಾರು, ಯಾವುದು ಅನ್ನುವ ಭಾಗವಿದೆಯಲ್ಲ, ಅದನ್ನಂತೂ ಅವನು ಮಾತು ಕಲಿತಾಗಿನಿಂದ ನುಂಗುತ್ತಲೇ ಬಂದಿದ್ದಾನೆ. "ಬಂತು" ಅನ್ನುತ್ತಾನೆ, ಬಂದದ್ದು ಬಸ್ಸೋ, ಮಳೆಯೋ, ಸೀನೋ, ಕೇಳಿದವರೇ ಹುಡುಕಿಕೊಳ್ಳಬೇಕು. "ಹೋಯ್ತು" ಅಂದರೆ ಕರೆಂಟೂ ಆಗಬಹುದು, ಮಾನವೂ ಆಗಬಹುದು. ಒಮ್ಮೆ ಮನೆಗೆ ಫೋನು ಮಾಡಿ "ಬಿದ್ದೋಯ್ತು ಕಣೆ, ಗಾಬರಿ ಆಗ್ಬೇಡ" ಅಂದವನೇ ಇಟ್ಟುಬಿಟ್ಟ. ಹೆಂಡತಿ ಬರಿಗಾಲಲ್ಲಿ ಟ್ಯಾಕ್ಸಿ ಸ್ಟ್ಯಾಂಡಿಗೆ ಓಡಿ ಬಂದು ನೋಡಿದರೆ, ಬಿದ್ದದ್ದು ಹಲ್ಲು. ಅದೂ ಎರಡು ತಿಂಗಳಿಂದ ಅಲ್ಲಾಡುತ್ತಿದ್ದ ಹಲ್ಲು. ಏನು ಹೇಳುವುದು ಇಂಥವನಿಗೆ!

ಮಾತಿನಲ್ಲಿ ಇಷ್ಟು ಅವಸರದ ಮನುಷ್ಯನಿಗೆ ಸ್ಟ್ಯಾಂಡಿನವರು ನಿಧಾನಪ್ಪ ಅಂತ ಹೆಸರಿಟ್ಟದ್ದು ಅವನು ಗಾಡಿ ಓಡಿಸುವ ರೀತಿ ನೋಡಿ. ಹಳದಿ ದೀಪ ಬಿತ್ತೆಂದರೆ ಉಳಿದವರು ಕಾಲು ಒತ್ತುತ್ತಾರೆ, ಇವನು ಕಾಲು ಎತ್ತುತ್ತಾನೆ. ಹಿಂದೆ ಕೂತವರು "ಸ್ವಲ್ಪ ಬೇಗ ಹೋಗಪ್ಪ" ಅಂದರೆ "ಬೇಗ ಹೊರಡಬೇಕಿತ್ತು ಸಾರ್" ಅನ್ನುತ್ತಾನೆ, ಅಷ್ಟೇ. ಮೂವತ್ತೇಳು ವರ್ಷ ಟ್ಯಾಕ್ಸಿ ಓಡಿಸಿದ್ದಾನೆ. ಅವನ ಗಾಡಿಯ ಮೇಲೆ ಒಂದು ಗೀರು ಕಂಡರೆ ಅದು ನಿಂತಿದ್ದಾಗ ಬೇರೆ ಯಾರೋ ಎಳೆದದ್ದು.

ಹೆಂಡತಿಯ ಕಥೆ ಬೇರೆ. ಅವಳು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾದವಳು. ಅಕ್ಷರವೆಂದರೆ ಪೋಣಿಸಿದ ಹಾಗೆ. ಬೀದಿಯಲ್ಲಿ ಯಾರಿಗೆ ಪಿಂಚಣಿ ಬೇಕು, ನಲ್ಲಿ ಬೇಕು, ಮಗುವಿಗೆ ಸೀಟು ಬೇಕು ಅಂದರೂ ಕಾಗದ ಹಿಡಿದು ಅವಳ ಬಾಗಿಲಿಗೇ ಬರಬೇಕು. ಅದಕ್ಕೇ ಅವಳು ಅರ್ಜಿಯಮ್ಮ. ಅರ್ಜಿ ತುಂಬುವುದರಲ್ಲಿ ಅವಳಿಗೆ ಒಂದೇ ಒಂದು ನಿಯಮ: ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. "ಖಾಲಿ ಬಿಟ್ರೆ ಆಫೀಸಿನವರು ಅದನ್ನೇ ಹಿಡ್ಕೊಂಡು ಮೂರು ಸಲ ಓಡಾಡಿಸ್ತಾರೆ. ಏನಾದ್ರೂ ಬರೀಬೇಕು, ನಿಜ ಬರೀಬೇಕು, ಅಂದವಾಗಿ ಬರೀಬೇಕು" ಅನ್ನುವಳು.

ಇಂಥ ಇಬ್ಬರ ಮನೆಗೆ ಆ ಕಾಗದ ಬಂತು ನೋಡಿ.

ಕಾಗದ ಮೊದಲು ಬಂದದ್ದು ಸ್ಟ್ಯಾಂಡಿಗೆ. ಹತ್ತು ವರ್ಷ ದಾಟಿದ ಗಾಡಿ ಇನ್ನು ಮುಂದೆ ಟ್ಯಾಕ್ಸಿಯಾಗಿ ಓಡುವಂತಿಲ್ಲ, ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ, ಬೇಕಾದವರು ವಿಶೇಷ ತಪಾಸಣೆಗೆ ಅರ್ಜಿ ಹಾಕಿದರೆ ಪಾಸಾದ ಗಾಡಿಗೆ ಒಂದು ವರ್ಷ ವಿನಾಯಿತಿ. ಚಾಲಕರ ಸಂಘದ ಅಧ್ಯಕ್ಷ ಅದನ್ನು ಗೋಡೆಗೆ ಅಂಟಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದ. ನಿಧಾನಪ್ಪನ ಬಿಳಿ ಗಾಡಿಗೆ ಆ ತಿಂಗಳಿಗೆ ಸರಿಯಾಗಿ ಹತ್ತು ತುಂಬುತ್ತಿತ್ತು.

"ಯಾಕಣ್ಣ ಮುಖ ಸಣ್ಣ ಮಾಡ್ಕೋತೀಯ? ಸಂಘದ ಹೊಸ ಗಾಡಿ ನಾಲ್ಕು ನಿಂತಿವೆ, ಒಂದು ತಗೊಂಡು ಓಡಿಸು. ಎಷ್ಟು ಸಲ ಹೇಳಿದ್ದೀನಿ ನಿನಗೆ" ಅಂದ ಅಧ್ಯಕ್ಷ.

"ಮಾತಾಡುತ್ತೆ" ಅಂದ ನಿಧಾನಪ್ಪ.

ಮಾತಾಡುವುದು ಹೊಸ ಗಾಡಿ. ಬೆಲ್ಟು ಹಾಕಿ ಅಂತ ಅದೇ ಹೇಳುತ್ತದೆ, ಹಿಂದೆ ಗೋಡೆ ಇದೆ ಅಂತ ಅದೇ ಕೂಗುತ್ತದೆ, ಗೆರೆ ದಾಟಿದರೆ ಗದರುತ್ತದೆ. ಮನೆಯಲ್ಲಿ ಕೇಳುವುದು ಸಾಲದೆ ರಸ್ತೆಯಲ್ಲೂ ಕೇಳಬೇಕೇ ಅನ್ನುವುದು ಅವನ ವಾದ. ಆದರೆ ಅದು ನೆಪ. ಒಳಗಿನ ಮಾತೇನೆಂದರೆ ಅವನಿಗೆ ಭಯ. ಅರವತ್ತೊಂದನೇ ವರ್ಷದಲ್ಲಿ ಹೊಸ ಗಾಡಿ ಹತ್ತಿ, ಗುಂಡಿಗಳ ಮುಂದೆ ತಡಕಾಡಿ, ಹುಡುಗರ ಎದುರು ನಗೆಪಾಟಲಾಗುವುದಕ್ಕಿಂತ ಬೀಗದ ಕೈಯನ್ನು ಮೊಳೆಗೆ ತಗುಲಿಸಿ ಮನೆಯಲ್ಲಿ ಕೂರುವುದೇ ವಾಸಿ ಅಂತ ಅವನು ಅಲ್ಲೇ ಶಪಥ ಮಾಡಿಬಿಟ್ಟ. ಇದು ನಿಂತರೆ ತಾನೂ ನಿಂತ ಹಾಗೆಯೇ ಅಂತ ಅಧ್ಯಕ್ಷನಿಗೂ ಹೇಳಿದ.

ಶಪಥವೇನೋ ಮಾಡಿದ. ಆದರೆ ರಜೆಯ ದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ಕೂರಲಾಗದೆ ಫ್ರಿಜ್ಜಿನ ಬಾಗಿಲು ತೆಗೆದು, ಹಾಕಿ, ತೆಗೆದು, ಹೆಂಡತಿಯಿಂದ ಬೈಸಿಕೊಳ್ಳುವ ಮನುಷ್ಯ ಅವನು. ಜನರನ್ನು ಒಂದು ಕಡೆ ಹತ್ತಿಸಿಕೊಂಡು ಇನ್ನೊಂದು ಕಡೆ ಅಲುಗಾಡದಂತೆ ಇಳಿಸುವುದರಲ್ಲಿ ಅವನಿಗೆ ಸಿಗುತ್ತಿದ್ದ ಖುಷಿ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಸಾರಿಗೆ ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ಅರ್ಜಿಯ ಮೊದಲನೇ ಹಾಳೆಯನ್ನು, ಅಂದರೆ ಗಾಡಿಯ ನಂಬರು, ಮಾಲೀಕನ ಹೆಸರು ಇರುವ ಹಾಳೆಯನ್ನು, ತಾನೇ ತುಂಬಿ ಇಟ್ಟುಕೊಂಡ. ಎರಡನೇ ಹಾಳೆ ಕೈಗೆ ಕೊಟ್ಟು, "ಇದನ್ನ ಮನೇಲಿ ತುಂಬಿ, ತಪಾಸಣೆ ದಿನ ತನ್ನಿ" ಅಂದ. ನಿಧಾನಪ್ಪ ಅದನ್ನು ಮಡಚಿ ಜೇಬಿಗಿಟ್ಟು ಮನೆಗೆ ಬಂದ. ಅರ್ಜಿಯಮ್ಮ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಅವನು ಕುರ್ಚಿಯ ಮೇಲೆ ದೊಪ್ಪನೆ ಕೂತ.

"ವಯಸ್ಸಾಯ್ತಂತೆ ಕಣೆ" ಅಂದ. "ಇನ್ನು ರಸ್ತೆಗೆ ಬಿಡಲ್ವಂತೆ."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ಯಾರ್ರೀ ಹಾಗಂದಿದ್ದು?"

"ಆಫೀಸು."

"ಆಫೀಸಿಗೆ ಕಣ್ಣಿಲ್ವಾ? ಕಾಗದದಲ್ಲಿ ವಯಸ್ಸು ನೋಡಿ ಹೇಳಿಬಿಟ್ರೆ ಆಯ್ತಾ? ಎದುರಿಗೆ ನಿಲ್ಲಿಸಿಕೊಂಡು ನೋಡಬೇಕಪ್ಪ!"

"ನೋಡ್ತಾರಂತೆ. ಒಳಗೂ ನೋಡ್ತಾರೆ, ಹೊರಗೂ ನೋಡ್ತಾರೆ. ಪಾಸಾದ್ರೆ ಒಂದು ವರ್ಷ."

"ಬರೀ ಒಂದೇ ವರ್ಷನಾ?" ಅವಳು ಬಟ್ಟೆಯನ್ನು ಕಟ್ಟೆಯ ಮೇಲೆ ಹಾಕಿದಳು.

"ಆಮೇಲೆ ಗುಜರಿಗೆ" ಅಂದ ಅವನು, ತಲೆ ತಗ್ಗಿಸಿ.

ಹೆಂಡತಿ ಪಕ್ಕಕ್ಕೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. "ಹಾಗೆಲ್ಲ ಮಾತಾಡಬೇಡಿ ರೀ. ಗುಜರಿಯಂತೆ ಗುಜರಿ! ಕೊಡಿ ಇಲ್ಲಿ ಆ ಕಾಗದ. ನಾನು ಬರೀತೀನಿ ನೋಡಿ, ಹೇಗೆ ಪಾಸ್ ಮಾಡಲ್ಲ ಅಂತ ನಾನೂ ನೋಡ್ತೀನಿ."

ಇಷ್ಟು ಬೇಗ ಅವಳು ಗಾಡಿಯ ಪಕ್ಷ ವಹಿಸಿದ್ದು ಕಂಡು ನಿಧಾನಪ್ಪನಿಗೆ ಆಶ್ಚರ್ಯವಾಯಿತು. ಮೊನ್ನೆಯಷ್ಟೇ ಆ ಡಬ್ಬವನ್ನು ತೊಳೆಯುವಷ್ಟು ಪ್ರೀತಿಯಲ್ಲಿ ನನ್ನ ಕಡೆ ಒಮ್ಮೆ ನೋಡಿದ್ದೀರಾ ಅಂತ ಮುಖ ಊದಿಸಿಕೊಂಡಿದ್ದವಳು. ಕಷ್ಟ ಬಂದಾಗ ಮನುಷ್ಯರು ಒಳ್ಳೆಯವರಾಗುತ್ತಾರೆ ಅಂದುಕೊಂಡು ಅವನು ಕೈ ತೊಳೆಯಲು ಹೋದ. ಅವಳು ರಾತ್ರಿ ಊಟಕ್ಕೆ ಮೊದಲೇ ಕನ್ನಡಕ ಹಾಕಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು, ಹಾಳೆ ತುಂಬಿ ಮುಗಿಸಿದಳು. ಅವನು ಓದದೆ ಸಹಿ ಹಾಕಿದ. ಅವಳು ಬರೆದದ್ದನ್ನು ಓದಿ ನೋಡುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ಗಂಡನಿಗಂತೂ ಇರಲೇ ಇಲ್ಲ.

ತಪಾಸಣೆಗೆ ಎರಡು ವಾರ ಇತ್ತು. ನಿಧಾನಪ್ಪ ಗಾಡಿಯ ಹಿಂದೆ ಬಿದ್ದ. ಬ್ರೇಕ್ ಬಿಚ್ಚಿ ನೋಡಿಸಿದ, ಟೈರು ಹಾಕಿಸಿದ, ದೀಪದ ಗಾಜನ್ನು ಹಲ್ಲುಪುಡಿ ಹಾಕಿ ಉಜ್ಜಿದ. ಅರ್ಜಿಯಮ್ಮ ನಿಧಾನಪ್ಪನ ಹಿಂದೆ ಬಿದ್ದಳು. ಬೆಳಗಾಗುವುದೇ ತಡ, "ಏಳಿ, ನಡೀರಿ, ಉದ್ಯಾನ ಮೂರು ಸುತ್ತು" ಅಂತ ಎಬ್ಬಿಸುತ್ತಿದ್ದಳು. ಸಕ್ಕರೆ ಡಬ್ಬ ಮೇಲಿನ ಕಪಾಟಿಗೆ ಏರಿತು. ಮೀಸೆ ಟ್ರಿಮ್ ಆಯಿತು. ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಾಗದ ಮಾಡಿಸಿಕೊಂಡು ಬಂದಳು. ದಿನಾ ಊಟವಾದ ಮೇಲೆ ಗೋಡೆಗೆ ಕ್ಯಾಲೆಂಡರು ತಗುಲಿಸಿ, ದೂರದಿಂದ ಓದಿಸುತ್ತಿದ್ದಳು.

"ಇದೆಲ್ಲ ಯಾಕೆ?" ಅಂತ ಅವನು ಒಮ್ಮೆ ಕೇಳಿದ.

"ನೀವು ಸುಮ್ಮನಿರಿ. ಒಳಗೂ ನೋಡ್ತಾರೆ ಅಂದವರು ನೀವೇ ತಾನೇ?"

ಪಾಪ, ಗಾಡಿಯ ಚಿಂತೆಯಲ್ಲಿ ಇವಳಿಗೆ ತಲೆ ಸ್ವಲ್ಪ ಆಚೆ ಈಚೆ ಆಗಿದೆ ಅಂದುಕೊಂಡು ಅವನು ಕ್ಯಾಲೆಂಡರಿನ ಕೊನೆ ಸಾಲಿನವರೆಗೂ ಓದಿದ.

ತಪಾಸಣೆಯ ದಿನ ಬೆಳಗ್ಗೆ ಅವನಿಗೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಕೇಳಿದರೆ, "ಬಂದು ತಿನ್ನೋಣ, ಬಾಯಿ ಮುಚ್ಚಿಕೊಂಡು ನಡೀರಿ" ಅಂದಳು. ಇಸ್ತ್ರಿ ಮಾಡಿದ ಅಂಗಿ, ಹೊಸ ಬನಿಯನ್ನು. ಕಂಕುಳಲ್ಲಿ ಒಂದು ದಪ್ಪ ಫೈಲು ಇರುಕಿಕೊಂಡು ಅವಳೂ ಮುಂದಿನ ಸೀಟಿನಲ್ಲಿ ಕೂತಳು.

ಆಫೀಸಿನ ಹಿಂದುಗಡೆ ತಗಡಿನ ದೊಡ್ಡ ಶೆಡ್ಡು. ಒಂದು ಕಡೆ ಚಕ್ರ ಉರುಳಿಸಿ ಬ್ರೇಕ್ ನೋಡುವ ಯಂತ್ರ, ನಡುವೆ ಗಾಡಿಯ ಹೊಟ್ಟೆ ಕೆಳಗೆ ಇಳಿದು ನೋಡಲು ಉದ್ದನೆಯ ಗುಂಡಿ, ಗೋಡೆಯ ಬದಿಗೆ ಒಂದು ಬೆಂಚು. ಹನ್ನೆರಡು ಹದಿಮೂರು ಚಾಲಕರು ಸರದಿಗೆ ಕಾಯುತ್ತಿದ್ದರು. ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಮೇಡಂಗೆ ನಲವತ್ತರ ಆಸುಪಾಸು. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಟಾರ್ಚು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಬೆಳಗ್ಗೆಯಿಂದ ಏಳು ಗಾಡಿ ನೋಡಿ ಐದನ್ನು ಫೇಲ್ ಮಾಡಿದ್ದಾರೆ ಅಂತ ಸಾಲಿನಲ್ಲಿ ಗುಸುಗುಸು ನಡೆದಿತ್ತು. ಅವರ ಪಕ್ಕದಲ್ಲಿ ಅರ್ಜಿ ಓದುವ ಗುಮಾಸ್ತ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲು ಧ್ವನಿವರ್ಧಕದಂತಾಗಿತ್ತು.

ನಿಧಾನಪ್ಪನ ಸರದಿ ಬಂತು. ಗಾಡಿ ಒಳಗೆ ತಂದು ನಿಲ್ಲಿಸಿ, ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತ. ಅರ್ಜಿಯಮ್ಮ ಬೆಂಚಿನ ತುದಿಯಲ್ಲಿ ಫೈಲು ತಬ್ಬಿಕೊಂಡು ಕೂತಳು.

"ಮುಚ್ಚಳ ತೆಗೀರಿ, ಒಳಗೆ ನೋಡಬೇಕು" ಅಂದರು ಮೇಡಂ.

"ರೀ, ಅಂಗಿ ಬಿಚ್ಚಬೇಕೇನೋ" ಅಂತ ಬೆಂಚಿನಿಂದ ಪಿಸುದನಿ ಬಂತು. ನಿಧಾನಪ್ಪ ಕೇಳಿಸಿಕೊಳ್ಳದವನಂತೆ ಬಾನೆಟ್ ಎತ್ತಿದ.

ಗುಮಾಸ್ತ ಹಾಳೆ ಬಿಡಿಸಿದ. ಮೇಡಂ ಟಾರ್ಚು ಬಿಟ್ಟು ನೋಡುತ್ತಲೇ ಒಂದೊಂದು ಕಾಲಮ್ಮು ಕೇಳುತ್ತ ಹೋದರು.

"ವಯಸ್ಸು?"

"ಅರವತ್ತೊಂದು!"

ಟಾರ್ಚು ನಿಂತಿತು. "ಹತ್ತಲ್ವೇನ್ರೀ?"

"ಅರವತ್ತೊಂದು ಅಂತಾನೇ ಇದೆ ಮೇಡಂ. ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ."

"ಮುಂದೆ ಓದಿ. ಬಣ್ಣ?"

"ಮೂಲತಃ ಬಿಳುಪು. ಬಿಸಿಲಿಗೆ ಕಪ್ಪಾಗಿದೆ. ಬಟ್ಟೆಯ ಒಳಗೆ ಈಗಲೂ ಬಿಳುಪೇ."

ಮೇಡಂ ಗಾಡಿಯನ್ನು ನೋಡಿದರು. ಗಾಡಿ ಹಾಲಿನ ಹಾಗೆ ಬೆಳ್ಳಗೆ ನಿಂತಿತ್ತು. ನಿಧಾನಪ್ಪನೂ ನೋಡಿದ. ಸೀಟಿನ ಬಟ್ಟೆಯ ವಿಷಯ ಬರೆದಿದ್ದಾಳೋ ಏನೋ ಅಂದುಕೊಂಡ.

"ಹೊಗೆ?"

"ಬಿಟ್ಟು ಇಪ್ಪತ್ತೆರಡು ವರ್ಷ!"

"ಏನು?" ಮೇಡಂ ಸೆಟೆದು ನಿಂತರು. "ಇಪ್ಪತ್ತೆರಡು ವರ್ಷದಿಂದ ಹೊಗೆ ಬಿಡ್ತಾ ಇದೆಯಾ? ಹತ್ತು ವರ್ಷದ ಗಾಡಿ ಇಪ್ಪತ್ತೆರಡು ವರ್ಷದಿಂದ ಹೇಗೆ ಹೊಗೆ ಬಿಡುತ್ತೆ ಯಜಮಾನ್ರೇ?"

"ಇಲ್ಲ ಮೇಡಂ, ಬಿಡಲ್ಲ... ಬಿಟ್ಟಿಲ್ಲ... ಬಿಟ್ಟೇ ಇಲ್ಲ" ಅಂದ ನಿಧಾನಪ್ಪ, ಬೆವರುತ್ತ.

"ಬಿಟ್ಟಿಲ್ವಾ?" ಬೆಂಚಿನಿಂದ ಅರ್ಜಿಯಮ್ಮ ಧಡಾರನೆ ಎದ್ದಳು. "ಕದ್ದು ಸೇದ್ತಾ ಇದ್ದೀರಾ ಹಾಗಾದ್ರೆ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತನಿಗೆ ಓದುವ ಉತ್ಸಾಹ ಬಂದುಬಿಟ್ಟಿತ್ತು, ಕೇಳುವವರಿಗೂ ಕಾಯಲಿಲ್ಲ. "ಶಬ್ದ: ಹಗಲು ಇಲ್ಲ. ಮಲಗಿದ ಮೇಲೆ ಜೋರು. ಮಗ್ಗುಲು ತಿರುಗಿಸಿದರೆ ನಿಲ್ಲುತ್ತದೆ. ಬದಲಾಯಿಸಿದ ಭಾಗಗಳು: ಎಡಗಣ್ಣಿನ ಮಸೂರ ಒಂದು, ಕೆಳದವಡೆಯ ಹಲ್ಲು ಎರಡು!"

ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು. ನಿಧಾನಪ್ಪ ಬೆಪ್ಪಾಗಿ ನಿಂತ. ಬೆಳಗಿನ ಮೂರು ಸುತ್ತು, ಮೇಲೇರಿದ ಸಕ್ಕರೆ ಡಬ್ಬ, ಕ್ಯಾಲೆಂಡರು, ಇವತ್ತಿನ ಖಾಲಿ ಹೊಟ್ಟೆ ಎಲ್ಲವೂ ಒಂದೇ ಏಟಿಗೆ ಅವನ ತಲೆಯಲ್ಲಿ ಸಾಲಾಗಿ ನಿಂತವು. ತಿರುಗಿ ಹೆಂಡತಿಯನ್ನು ನೋಡಿದ. ಅವಳು ಗಾಡಿಯನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಮುಚ್ಚಳ ತೆರೆದು ನಿಂತ ಎಂಜಿನ್ನನ್ನು ನೋಡಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಗಾಡಿಗಾ ವಯಸ್ಸಾಗಿದ್ದು?"

"ಮತ್ತೆ ಯಾರಿಗೆ?"

"ನಿಮಗೆ ಅಂದುಕೊಂಡೆ ಕಣ್ರೀ! ವಯಸ್ಸಾಯ್ತಂತೆ, ರಸ್ತೆಗೆ ಬಿಡಲ್ವಂತೆ, ಗುಜರಿಗಂತೆ ಅಂತ ತಲೆ ತಗ್ಗಿಸಿಕೊಂಡು ಕೂತ್ರೆ ನಾನೇನು ತಿಳ್ಕೊಳ್ಳಲಿ? ಗಾಡಿ ಅಂತ ಎರಡಕ್ಷರ ಹೇಳಿದ್ರೆ ನಿಮ್ಮ ಬಾಯಲ್ಲಿದ್ದ ಮುತ್ತು ಉದುರ್ತಿತ್ತಾ? ರಕ್ತ ಪರೀಕ್ಷೆ ಇರುತ್ತೇನೋ ಅಂತ ಉಪವಾಸ ಕರ್ಕೊಂಡು ಬಂದಿದ್ದೀನಲ್ಲ ನಿಮ್ಮನ್ನ!" ಅನ್ನುತ್ತಲೇ ಅವಳು ಫೈಲು ಬಿಚ್ಚಿ ತೋರಿಸಿದಳು. ಎದೆಯ ಎಕ್ಸ್‌ರೇ ಜಾರಿ ಎಂಜಿನ್ನಿನ ಮೇಲೆ ಬಿತ್ತು.

ಒಬ್ಬ ಚಾಲಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟ. "ಓದಿ ಸ್ವಾಮಿ, ಪೂರ್ತಿ ಓದಿ!" ಅಂತ ಸಾಲಿನಿಂದ ಕೂಗಿದರು. ಅರ್ಜಿಯಮ್ಮ ಹಾಳೆ ಕಿತ್ತುಕೊಳ್ಳಲು ಹೋದಳು. ಗುಮಾಸ್ತ ಕೈ ಎತ್ತರಕ್ಕೆ ಎತ್ತಿದ. ಮೇಡಂ ಏನಾದರೂ ಅಂದಾರು ಅಂತ ಎಲ್ಲರೂ ನೋಡಿದರೆ, ಅವರು ಟಾರ್ಚು ಆರಿಸಿ, "ಓದಿ. ದಾಖಲೆ ಅಲ್ವಾ, ಪೂರ್ತಿ ಓದಬೇಕು" ಅಂದರು. ಮುಖ ಗಂಭೀರವಾಗಿಯೇ ಇತ್ತು, ಹೆಗಲು ಮಾತ್ರ ಕುಲುಕುತ್ತಿತ್ತು.

"ಹಿಂದಿನ ಮಾಲೀಕರು: ನನ್ನ ಅತ್ತೆ. ಅವರ ಕೈಯಿಂದ ನೇರವಾಗಿ ನನ್ನ ಕೈಗೆ ಬಂದದ್ದು. ನಡುವೆ ಬೇರೆ ಯಾರೂ ಇರಲಿಲ್ಲ ಎಂದು ನಂಬಿದ್ದೇನೆ."

"ನಂಬಬಹುದು ಅಕ್ಕ, ನಂಬಬಹುದು!" ಅಂತ ಸಾಲು ಒಕ್ಕೊರಲಿನಿಂದ ಸಾಕ್ಷಿ ಹೇಳಿತು.

"ಕಾಲಂ ಖಾಲಿ ಬಿಡಬಾರದಲ್ಲ!" ಅಂತ ಅರ್ಜಿಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಹೊರುವ ಸಾಮರ್ಥ್ಯ: ಇಬ್ಬರು ಹೆಣ್ಣುಮಕ್ಕಳನ್ನು ಎರಡು ಹೆಗಲಲ್ಲಿ ಹೊತ್ತು ದೊಡ್ಡವರನ್ನಾಗಿ ಮಾಡಿದ್ದಾರೆ. ಈಗ ಸೊಂಟ ನೋವು. ಹತ್ತು ಕೆಜಿ ಮೇಲೆ ದಯವಿಟ್ಟು ಹೊರಿಸಬೇಡಿ." ಗುಮಾಸ್ತ ಒಂದು ಉಸಿರು ತೆಗೆದುಕೊಂಡ. "ಕೊನೇದು. ಪ್ರಯಾಣಿಕರ ಸುರಕ್ಷತೆಯ ಬಗ್ಗೆ ಹೇಳಿಕೆ."

ಅವನು ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ಬೆಳಗ್ಗೆಯಿಂದ ಮೊದಲ ಸಲ ಮೆಲ್ಲಗೆ ಓದಿದ.

"ಮದುವೆಯಾಗಿ ಮೂವತ್ತಾರು ವರ್ಷ ಈ ಮನುಷ್ಯನ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಬಾಗಿಲ ಮೇಲಿನ ಹಿಡಿಯನ್ನು ಒಂದು ಸಲವೂ ಹಿಡಿದುಕೊಂಡಿಲ್ಲ. ಎಷ್ಟೋ ಸಲ ನಿದ್ದೆ ಮಾಡಿದ್ದೇನೆ. ಇಂಥವರನ್ನು ರಸ್ತೆಯಿಂದ ಇಳಿಸಿದರೆ ಅವರಿಗಿಂತ ಹೆಚ್ಚು ನಷ್ಟ ಜನರಿಗೆ."

ನಗು ನಿಂತಿತು. ಯಾರೋ ಮೂಗು ಸೀಟಿಕೊಂಡರು. ನಿಧಾನಪ್ಪ ತನ್ನ ಬೂಟುಗಳನ್ನೇ ನೋಡುತ್ತ ನಿಂತ. ಕಾಲು ಒರೆಸಿಕೊಂಡು ಬನ್ನಿ, ಟವೆಲ್ಲು ಹಾಸಿಗೆ ಮೇಲೆ ಹಾಕಬೇಡಿ, ಫ್ರಿಜ್ಜು ಮುಚ್ಚಿ: ಮೂವತ್ತಾರು ವರ್ಷ ಅವನು ಅವಳ ಬಾಯಲ್ಲಿ ಕೇಳಿದ್ದು ಇವೇ. ಅವನಿಗೆ ಒಳಗೆಲ್ಲ ಬೆಚ್ಚಗಾಯಿತು, ಅಳು ಬರುವಷ್ಟು ಸಂತೋಷವಾಯಿತು. ಅವಳ ಕಡೆ ನೋಡಲು ನಾಚಿಕೆಯೂ ಆಯಿತು.

"ಚೆನ್ನಾಗಿದೆ" ಅಂದರು ಮೇಡಂ, ಕಣ್ಣಂಚು ಒರೆಸಿಕೊಂಡು. "ಆದ್ರೆ ಇದರ ಮೇಲೆ ನಾನು ಗಾಡಿ ಪಾಸ್ ಮಾಡಕ್ಕಾಗಲ್ಲ. ಇವತ್ತೇ ಕೊನೇ ದಿನ. ಬೇರೆ ಹಾಳೆ ಕೊಡ್ತೀನಿ, ಗಾಡಿದು ಬರೆದುಕೊಡಿ."

"ಐದು ನಿಮಿಷ" ಅಂತ ಅರ್ಜಿಯಮ್ಮ ಸೆಟೆದು ನಿಂತು ಪೆನ್ನು ತೆಗೆದಳು. ಬಾನೆಟ್ ಮುಚ್ಚಿಸಿ, ಅದರ ಮೇಲೇ ಹಾಳೆ ಹಾಸಿ, ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡಳು. "ಹೇಳಿ. ನುಂಗದೆ ಹೇಳಿ."

ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಮೇಡಂ ಒಂದೊಂದನ್ನೂ ಖುದ್ದು ನೋಡುತ್ತ ಹೋದರು. ಬ್ರೇಕಿನ ಯಂತ್ರ ಹಸಿರು ದೀಪ ತೋರಿಸಿತು. ಹೊಗೆಯ ಕೊಳವೆಗೆ ಬಿಳಿ ಕರವಸ್ತ್ರ ಹಿಡಿದರೆ ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಗುಂಡಿಗಿಳಿದು ನೋಡಿ ಮೇಲೆ ಬಂದ ಮೇಡಂ, "ಇಷ್ಟು ಚೊಕ್ಕ ಹೊಟ್ಟೆ ನೋಡಿ ವರ್ಷವಾಯ್ತು" ಅಂದರು. ನಿಧಾನಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಅವರು ಹಿಂದಿನ ಬಾಗಿಲು ತೆಗೆದು ಸೀಟುಗಳ ಬೆಲ್ಟುಗಳನ್ನು ಎಳೆದು ನೋಡಿದರು. ಎಡಗಡೆ ಸರಿ. ಬಲಗಡೆ ಸರಿ. ನಡುವಿನದಕ್ಕೆ ಬಂದು ನಿಂತರು.

"ಇಲ್ಲಿ ಸೊಂಟದ ಪಟ್ಟಿ ಮಾತ್ರ ಇದೆ. ಹೊಸ ನಿಯಮಕ್ಕೆ ಹೆಗಲ ಮೇಲಿಂದ ಬರೋ ಪಟ್ಟಿನೂ ಬೇಕು."

"ಹಾಕಿಸ್ತೀನಿ."

"ಹಾಕಿಸಕ್ಕಾಗಲ್ಲ ಯಜಮಾನ್ರೇ, ನಿಮ್ಮ ಗಾಡಿಯಲ್ಲಿ ಅದನ್ನ ಕೂರಿಸೋ ಜಾಗವೇ ಮಾಡಿಲ್ಲ." ಮೇಡಂ ಆ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದರು. "ನೋಡಿ, ಉಳಿದದ್ದೆಲ್ಲ ಚೆನ್ನಾಗಿದೆ. ಆ ಸೀಟಿನಲ್ಲಿ ಅಪರೂಪಕ್ಕೆ ಯಾರಾದ್ರೂ ಕೂರ್ತಾರೆ ಅನ್ನೋ ಹಾಗಿದ್ರೆ ಒಂದು ವರ್ಷ ಬಿಡೋ ಅಧಿಕಾರ ನನಗಿದೆ. ಕೊನೇ ಕಾಲಮ್ಮಿನಲ್ಲಿ ಬರೀರಿ. ಅಲ್ಲಿ ಸಾಮಾನ್ಯವಾಗಿ ಯಾರು ಕೂರ್ತಾರೆ?"

ಅರ್ಜಿಯಮ್ಮನ ಪೆನ್ನು ಕಾಲಮ್ಮಿನ ಮೇಲೆ ಕಾದು ನಿಂತಿತು. "ಯಾರೂ ಇಲ್ಲ ಅನ್ನು ಅಣ್ಣ" ಅಂತ ಸಾಲಿನಲ್ಲಿದ್ದ ಒಬ್ಬ ಪಿಸುಗುಟ್ಟಿಯೇಬಿಟ್ಟ. ಎರಡು ಪದ ಅಷ್ಟೇ. ನುಂಗಿ ನುಂಗಿ ಮಾತಾಡಿ ರೂಢಿಯಿದ್ದವನಿಗೆ ಅಷ್ಟು ಹೇಳುವುದೇನು ಕಷ್ಟ?

ಆದರೆ ಚಾಲಕನ ಕನ್ನಡಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅದೇ ಸೀಟು. ಹತ್ತು ವರ್ಷದಿಂದ ಅಲ್ಲಿ ಕಂಡ ಮುಖಗಳು ನಿಧಾನಪ್ಪನಿಗೆ ಒಂದೊಂದಾಗಿ ನೆನಪಾದವು. ಬಾಗಿಲ ಪಕ್ಕಕ್ಕೆ ಅಜ್ಜಿ, ಇನ್ನೊಂದು ಪಕ್ಕಕ್ಕೆ ಅಮ್ಮ, ನಡುವೆ ಒಂದು ಪುಟ್ಟ ತಲೆ. ಪ್ರತಿ ಮನೆಯಲ್ಲೂ ಹಾಗೆಯೇ. ದೊಡ್ಡವರು ಕಿಟಕಿ ಹಿಡಿಯುತ್ತಾರೆ, ಚಿಕ್ಕದನ್ನು ನಡುವೆ ತುರುಕುತ್ತಾರೆ. ಅದು ಕನ್ನಡಿಯಲ್ಲಿ ಇವನನ್ನು ನೋಡಿ ನಾಲಿಗೆ ಚಾಚುತ್ತದೆ, ಇವನೂ ಚಾಚುತ್ತಾನೆ.

ಅವನು ಗಾಡಿಯ ಛಾವಣಿಯ ಮೇಲೆ ಕೈಯಿಟ್ಟ.

"ಆ ಸೀಟಿನಲ್ಲಿ ಯಾವಾಗಲೂ ಮಕ್ಕಳೇ ಕೂರೋದು ಮೇಡಂ" ಅಂದ. "ಪ್ರತಿ ಮನೆಯ ಎಲ್ಲರಿಗಿಂತ ಚಿಕ್ಕ ಮಗು ಅಲ್ಲಿ ಕೂರುತ್ತೆ. ನನ್ನ ಗಾಡಿಗೆ ವಯಸ್ಸಾಗಿದೆ. ನೀವು ವಿನಾಯಿತಿ ಕೊಡಬೇಡಿ."

ಇಷ್ಟು ಉದ್ದದ ಮಾತನ್ನು ಹೆಂಡತಿ ಅವನ ಬಾಯಲ್ಲಿ ಕೇಳಿದ್ದೇ ಮೊದಲು. ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ತಲೆ ಬಗ್ಗಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ, ಅಂದವಾಗಿ ಬರೆದಳು.

ಮೇಡಂ ಹಾಳೆ ತೆಗೆದುಕೊಂಡು ಷರಾ ಹಾಕಿದರು. "ಟ್ಯಾಕ್ಸಿಯಾಗಿ ಬೇಡ. ಮನೆ ಬಳಕೆಗೆ ಓಡಿಸಿ, ಅದಕ್ಕೆ ಅಡ್ಡಿಯಿಲ್ಲ." ಅಷ್ಟು ಅಂದವರು ಹೋಗಲಿಲ್ಲ. "ನನಗೆ ಐದು ವರ್ಷದ ಮಗಳಿದ್ದಾಳೆ. ಶಾಲೆಗೆ ಕರ್ಕೊಂಡು ಹೋಗಕ್ಕೆ ಒಬ್ಬರನ್ನ ಹುಡುಕಿ ಹುಡುಕಿ ಸಾಕಾಗಿದೆ. ಬೆಳಗ್ಗೆಯಿಂದ ಸಂಜೆವರೆಗೆ ಇಲ್ಲಿ ಎಲ್ಲರನ್ನೂ ನೋಡ್ತೀನಲ್ಲ, ಯಾರ ಜೊತೆಗೂ ಕಳಿಸೋ ಧೈರ್ಯ ಬರಲ್ಲ. ಬೇರೆ ಗಾಡಿ ತಗೊಂಡ್ರೆ ನನಗೊಂದು ಮಾತು ಹೇಳಿ."

ನಿಧಾನಪ್ಪ ಅವರು ಕೊಟ್ಟ ಫೋನ್ ನಂಬರು ಜೇಬಿಗೆ ಹಾಕಿಕೊಂಡ. ಗುಮಾಸ್ತ ಮೊದಲಿನ ಹಾಳೆಯನ್ನು ರದ್ದು ಕಾಗದದ ಬುಟ್ಟಿಗೆ ಹಾಕಲು ಹೊರಟಿದ್ದ. ನಿಧಾನಪ್ಪ ಅದನ್ನು ಅವನ ಕೈಯಿಂದ ತೆಗೆದು, ನಾಲ್ಕಾಗಿ ಮಡಚಿ, ಒಳಜೇಬಿನಲ್ಲಿಟ್ಟ. ಗಾಡಿಯ ತಲೆಯ ಮೇಲಿದ್ದ ಟ್ಯಾಕ್ಸಿ ಫಲಕವನ್ನು ಅವನೇ ತಿರುಪು ತೆಗೆದು ಬಿಚ್ಚಿದ. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಬಂದು ಬೆನ್ನು ತಟ್ಟಿ ಹೋದರು.

ದಾರಿಯಲ್ಲಿ ಅರ್ಜಿಯಮ್ಮ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇದು ನಿಂತರೆ ತಾನೂ ನಿಂತೆ ಅಂತ ಅವನು ಮಾಡಿದ ಶಪಥ ಅವಳಿಗೂ ಗೊತ್ತಾಗಿತ್ತು. ಸಂಘದವರ ತಪಾಸಣೆಗೆಂದು ಬಂದಿದ್ದ ಅಧ್ಯಕ್ಷ ಶೆಡ್ಡಿನ ಬಾಗಿಲಲ್ಲೇ ಅವಳ ಕಿವಿಗೆ ಹಾಕಿ ಹೋಗಿದ್ದ. ಇನ್ನು ಮುಂದೆ ಏನು ಅಂತ ಗಂಡನನ್ನು ಕೇಳಿದರೆ ಏನನ್ನುತ್ತಾನೋ ಅಂತ ಅವಳಿಗೆ ಹೆದರಿಕೆ. ಕೇಳದೆ ಇರುವುದು ಅವಳ ಜಾಯಮಾನವಲ್ಲ. ಮೂರು ಸಲ ಬಾಯಿ ತೆಗೆದು ಮೂರು ಸಲ ಮುಚ್ಚಿದಳು.

ರೈಲು ನಿಲ್ದಾಣದ ತಿರುವಿನಲ್ಲಿ ಕೆಂಪು ದೀಪ ಬಿತ್ತು. ಎರಡು ದೊಡ್ಡ ಪೆಟ್ಟಿಗೆ ಹಿಡಿದ ಒಬ್ಬರು ಫುಟ್‌ಪಾತಿನಿಂದ ಕೂಗುತ್ತ ಕಿಟಕಿಗೆ ಬಂದರು. ತಮ್ಮ ಹಳೇ ಟ್ಯಾಕ್ಸಿಯವನ ಗುರುತು ಅವರಿಗೆ ಸಿಕ್ಕಿತ್ತು.

"ಬರ್ತೀಯೇನಪ್ಪ? ಮನೆಗೆ ಹೋಗಬೇಕು."

ನಿಧಾನಪ್ಪ ಕಿಟಕಿಯ ಗಾಜು ಪೂರ್ತಿ ಇಳಿಸಿದ.

"ಇವತ್ತಾಗಲ್ಲ ಸಾರ್. ಸೋಮವಾರದಿಂದ ಸ್ಟ್ಯಾಂಡಿನಲ್ಲೇ ಇರ್ತೀನಿ. ಹೊಸ ಗಾಡಿ ಕಲೀಬೇಕು, ಮೊದಲ ದಿನ ಸ್ವಲ್ಪ ನಿಧಾನ ಆಗಬಹುದು."

"ನೀನು ಇನ್ನೂ ನಿಧಾನ ಆಗ್ತೀಯಾ?" ಅಂತ ಆ ಮನುಷ್ಯ ಬೆರಗಾಗಿ ನಿಂತುಬಿಟ್ಟರು.

ಅರ್ಜಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ನಗು ಬಂತು. ದೀಪ ಹಸಿರಾಯಿತು, ಹಿಂದಿನವರು ಹಾರ್ನು ಒತ್ತತೊಡಗಿದರು. ನಿಧಾನಪ್ಪ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಇನ್ನೊಮ್ಮೆ ಎಡಕ್ಕೆ ನೋಡಿ ಹೊರಟ.